ಬೆನ್ನಿಲ್ಲದ ದೇವರ ಕಾವಲು

ನಾಲ್ಕು ಬಾಗಿಲೆಂದರೆ ನಾಲ್ಕು ಹೊಸ್ತಿಲು,
ಗುಡಿಸಲು ನಾಲ್ಕು ಸಲ ಬಗ್ಗಬೇಕು.
ಕಟ್ಟಿಸಿದವರಿಗೆ ಇದು ಗೊತ್ತಿತ್ತೋ ಇಲ್ಲವೋ.
ನಗರಬಸ್ತಿಕೇರಿಯ ಕಾಡಿನಲ್ಲಿ
ಇಪ್ಪತ್ತೆರಡು ವರ್ಷದಿಂದ ಬಗ್ಗುತ್ತಿದ್ದೇನೆ:
ಮೂಡಣಕ್ಕೆ ಬಾವಲಿ ಹಿಕ್ಕೆ, ತೆಂಕಣಕ್ಕೆ ಮತ್ತಿ ಎಲೆ,
ಪಡುವಣಕ್ಕೆ ಒಮ್ಮೊಮ್ಮೆ ಹಾವಿನ ಪೊರೆ,
ಬಡಗಣ ಮಾತ್ರ ಯಾಕೋ ಸ್ವಚ್ಛ.

ಒಳಗೆ ನಾಲ್ವರು ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಾರೆ.
ಯಾವ ಕಡೆಯಿಂದ ಬಂದರೂ ಎದುರೇ.
ಬೀಡಿ ಹಚ್ಚಲು ದೇವರ ಹಿಂದೆ ಹೋಗೋಣವೆಂದರೆ
ಈ ದೇವರಿಗೆ ಹಿಂದೆಯೇ ಇಲ್ಲ.
ಕೊನೆಗೆ ಬಿಟ್ಟೆ. ಬೀಡಿಯನ್ನಲ್ಲ,
ಅಡಗುವುದನ್ನು.

ಅರಮನೆ ಎಲ್ಲಿ ಎಂದು ಕೇಳುತ್ತಾರೆ ಬಂದವರು.
ನೀವು ನಿಂತಲ್ಲೇ, ಎನ್ನುತ್ತೇನೆ.
ಸಿಟ್ಟಾಗಿ ಬೂಟಿನಡಿ ನೋಡಿಕೊಳ್ಳುತ್ತಾರೆ: ಉಂಬಳ.
ಕೋಟೆ ಮೊದಲು ಹೋಯಿತಂತೆ, ಆಮೇಲೆ ಅರಮನೆ,
ಆಮೇಲೆ ಪೇಟೆ, ಪೇಟೆಯ ಹಿಂದೆ ಜನ.
ಎಷ್ಟು ಅಗಸೆ, ಎಷ್ಟು ಅಗಳಿ, ಎಷ್ಟು ದಿಡ್ಡಿ ಬಾಗಿಲು,
ಎಲ್ಲ ಮುಚ್ಚಿಯೇ ಇಟ್ಟಿದ್ದರು.
ಉಳಿದದ್ದು ನಾಲ್ಕೂ ಕಡೆ ತೆರೆದಿಟ್ಟ ಈ ಒಂದು ಮನೆ.
ಹೀಗೆ ಹೇಳಿದರೆ ಶಾಲೆಯ ಮೇಷ್ಟ್ರು
ಮಕ್ಕಳಿಗೆ ಬರೆದುಕೊಳ್ಳಿ ಎನ್ನುತ್ತಾರೆ.
ಬರೆದುಕೊಳ್ಳಬೇಡಿ.
ಶಿಖರ ಇದಕ್ಕೂ ಇಲ್ಲ. ಸೋರುತ್ತದೆ.

ನಮ್ಮ ಮನೆ ಹೊಳೆಯ ಆಚೆ ದಡ.
ಅಜ್ಜ ಜಟ್ಟಿ ಅಂಬಿಗ ತಾರಿ ನಡೆಸುತ್ತಿದ್ದ.
ಯಾವುದೋ ವರ್ಷ, ಖಾಲಿ ದೋಣಿ ಗಾಳಿಗೆ ವಾಲಬಾರದೆಂದು
ಅರಮನೆ ದಿಬ್ಬದಿಂದ ಒಂದು ಚಪ್ಪಡಿ ಹೇರಿಕೊಂಡು ಹೋದ.
ಕದ್ದದ್ದಲ್ಲ, ಭಾರಕ್ಕೆ.
ಅಪ್ಪ ಇಷ್ಟನ್ನೇ ಹೇಳುತ್ತಿದ್ದ.
ಮೂರು ತಲೆಮಾರಿನ ಬಟ್ಟೆ ಅದರ ಮೇಲೆ ಒಗೆದದ್ದು,
ಅಜ್ಜಿಯ ಕಂಬಳಿ, ಅಮ್ಮನ ಬಾಣಂತನದ ಚಿಂದಿ,
ಈಗ ಹೊನ್ನಮ್ಮ ಬಡಿಯುವ ನನ್ನ ಖಾಕಿ.
ಅರಸರ ಕಲ್ಲಿಗೆ ಸರ್ಕಾರದ ಅಂಗಿ, ವಾರಕ್ಕೆರಡು ಸಲ.

ಹೋದ ಶ್ರಾವಣ ಅಣೆಕಟ್ಟಿನ ಸೈರನ್ ಕೂಗಿತು,
ಗೇಟು ಎತ್ತಿದರು,
ಹೊಳೆ ಅಂಗಳಕ್ಕೆ ಬಂದು ಕಲ್ಲನ್ನು ಮಗುಚಿ ಹಾಕಿತು.
ನೀರಿಳಿದ ಮೇಲೆ ನೋಡಿದರೆ ಅಡಿ ಮೈಯಲ್ಲಿ ಗೀಟು.
ಶಾಸನ! ಎದೆ ಡವಡವ.
ಇಲಾಖೆಗೆ ತಿಳಿಸಿದರೆ ಕೆಲಸ ಹೋಗುತ್ತದೆ,
ತಿಳಿಸದಿದ್ದರೆ ನಿದ್ದೆ.

ಹಾಡುವಳ್ಳಿಯಿಂದ ಬಸದಿಗೆ ಬರುವ ಪದುಮಕ್ಕನನ್ನು ಕರೆದೆ,
ಹಳೆಯ ಅಕ್ಷರ ಬಲ್ಲವಳು.
ಸೆರಗಿನಿಂದ ಕೆಸರು ಒರೆಸಿದಳು, ಕನ್ನಡಕ ಏರಿಸಿದಳು,
ಬೆರಳು ಗೀಟಿನ ಮೇಲೆ ಒಂದು ಸುತ್ತು ಹೋಗಿ ಬಂತು.
ನಕ್ಕಳು.
'ಇದು ಓದುವುದಲ್ಲ ಲಚ್ಮಯ್ಯ, ಆಡುವುದು.'

ಹುಲಿಕುರಿ ಆಟದ ಮನೆ.
ಗೀಟು ಸೊಟ್ಟ. ಒಂದು ಮೂಲೆಯಲ್ಲಿ ಮೊನೆ ಜಾರಿದೆ.
ಶಿಲ್ಪಿಯ ಕೈ ಅಲ್ಲ ಅದು.
ಭರ್ಜಿಯ ತುದಿಯಿಂದ ಕೊರೆದಿರಬೇಕು
ಅರಸ ಒಳಗೆ ಮಲಗಿರುವಾಗ,
ಪಾಳಿ ಮುಗಿಯಲು ಇನ್ನೂ ಎರಡು ಜಾವ ಇರುವಾಗ
ಬಾಗಿಲ ಬಳಿ ಕೂತ ಇಬ್ಬರು.
ಮಂಡಲೇಶ್ವರರ ಹೆಸರಿಗೆ ಫಲಕದಲ್ಲಿ ತುಕ್ಕು ಹಿಡಿದಿದೆ.
ಇವರಿಗೆ ಆ ಭಯವಿಲ್ಲ.
ಆ ಕೈ ನನಗೆ ಗೊತ್ತು.
ನಾನೂ ಬಡಗಣ ಬಾಗಿಲಲ್ಲಿ ಕೂತು
ಬೀಗದಕೈಯಿಂದ ಏನಾದರೂ ಕೊರೆಯಬೇಕೆಂದು
ಎಷ್ಟು ಮಧ್ಯಾಹ್ನ ಅಂದುಕೊಂಡಿಲ್ಲ!

ಹುಲಿಗೆ ಮೂರು ಗೇರುಬೀಜ ಇಟ್ಟೆ.
ಕುರಿಗಳಿಗೆಂದು ಹೊನ್ನಮ್ಮ ಡಬ್ಬದಿಂದ ಕಾಳುಮೆಣಸು ತಂದಳು,
ಒಂದು ಕಾಲಕ್ಕೆ ಹಡಗು ಬರುತ್ತಿದ್ದುದು ಈ ಕಾಳಿಗೇ.
ಗಾಳಿಗೆ ಎರಡು ಕುರಿ ಉರುಳಿ ಹೋದವು.
ಇದ್ದಷ್ಟರಲ್ಲೇ ಪದುಮಕ್ಕ
ನನ್ನ ಹುಲಿಗಳನ್ನು ಕಟ್ಟಿ ಹಾಕಿದಳು.
'ಹುಲಿಗೂ ಬೆನ್ನಿರುತ್ತದೆ, ನೋಡಿಕೋ.'

ಮರುದಿನ ಹಾಜರಿ ಪುಸ್ತಕದಲ್ಲಿ ತಾರೀಖು ಹಾಕಿದೆ.
ಮಳೆ: ಇದೆ. ಸಂದರ್ಶಕರು: ಇಲ್ಲ.
ವಿಶೇಷ ಎಂಬ ಮನೆಯಲ್ಲಿ
ಪೆನ್ನು ತುಂಬ ಹೊತ್ತು ನಿಂತಿತು.
ಕಲ್ಲನ್ನು ದೋಣಿಯಲ್ಲಿ ವಾಪಸು ತರಬೇಕು. ತರುತ್ತೇನೆ.
ಹೊನ್ನಮ್ಮ ಬಟ್ಟೆಗೆ ಬೇರೆ ಕಲ್ಲು ಕೇಳುತ್ತಾಳೆ,
ಅದೂ ಸಿಗುತ್ತದೆ.
ಆಮೇಲೆ.
ಇನ್ನೊಂದು ಆಟ ಬಾಕಿ ಇದೆ.